ವಿಶ್ವವಿದ್ಯಾಲಯದಲ್ಲಿ ಮಾರ್ಕೆಟಿಂಗ್ ಇಂಟರ್ನ್‌ಶಿಪ್: ಆರು ತಿಂಗಳಲ್ಲಿ ನನಗೆ ಸಿಕ್ಕಿದ್ದೇನು

ಮಹಾಲಿಂಗಪುರದವಳು

ಡಿಗ್ರಿ ಮುಗಿದ ಮೇಲೆ ವಿಶ್ವವಿದ್ಯಾಲಯದಲ್ಲಿ ಮಾರ್ಕೆಟಿಂಗ್ ಇಂಟರ್ನ್‌ಶಿಪ್ ಮಾಡಿದರೆ ಏನು ಉಪಯೋಗ, ಅದರ ಬದಲು ಸೀದಾ ಬೆಂಗಳೂರಿಗೋ ಪುಣೆಗೋ ಹೋಗೋದು ಒಳ್ಳೇದಲ್ವಾ ಅಂತ ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಅನಿಸಿತು. ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ.

ನಾನು ಬಿಬಿಎ ಮಾಡಿದವಳು. ಊರು ಮಹಾಲಿಂಗಪುರ, ಅಪ್ಪನದು ಬೆಲ್ಲದ ಅಡತಿ ಅಂಗಡಿ. ಡಿಗ್ರಿ ಮುಗಿದ ವರ್ಷವೇ ನಮ್ಮ ಭಾಗದ ಒಂದು ವಿಶ್ವವಿದ್ಯಾಲಯದ ಪ್ರಚಾರ ಮತ್ತು ಪ್ರವೇಶಾತಿ ವಿಭಾಗದಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದೆ. ಯಾವುದು ಅಂತ ಹೆಸರು ಬರೆಯೋದಿಲ್ಲ. ತಿಂಗಳಿಗೆ 8,000 ಕೊಟ್ಟರು, ಪಿಜಿಗೆ ಊಟ ಸೇರಿ 5,000 ಹೋಗುತ್ತಿತ್ತು. ಹಾಗಾಗಿ ದುಡ್ಡಿನ ಆಸೆಗೆ ಯಾರೂ ಹೋಗಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಪುಸ್ತಕದ ಮಾರ್ಕೆಟಿಂಗ್. ಕ್ಯಾನ್ವಾದಲ್ಲಿ ಪೋಸ್ಟರ್ ಮಾಡುತ್ತೇನೆ, ಕ್ಯಾಂಪಸ್ಸಿನ ರೀಲ್ಸ್ ಮಾಡುತ್ತೇನೆ, ಇನ್‌ಸ್ಟಾಗ್ರಾಮ್ ನೋಡಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಮೊದಲ ದಿನವೇ ನನ್ನನ್ನು ಒಂದು ಟೆಲಿಫೋನ್ ಮುಂದೆ ಕೂರಿಸಿದರು. ಪಿಯು ಫಲಿತಾಂಶ ಬಂದ ಸಮಯ. ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಫೋನ್, ಫೋನ್, ಫೋನ್. ತಿಕೋಟಾದಿಂದ, ಬೀಳಗಿಯಿಂದ, ರಾಮದುರ್ಗದಿಂದ, ಸಿಂದಗಿಯಿಂದ. ಎರಡು ದಿನ ನನಗೆ ನಿಜವಾಗಿಯೂ ಅಳು ಬಂತು, ಇದಕ್ಕಾ ನಾನು ಓದಿದ್ದು ಅಂತ.

ನಮ್ಮ ವಿಭಾಗದ ಮೇಡಂ ಒಬ್ಬರು ಮೂರನೇ ದಿನ ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟು, ಬಂದ ಪ್ರತಿ ಫೋನನ್ನೂ ಬರೆದಿಡು ಅಂದರು. ಯಾವ ಊರು, ಫೋನ್ ಮಾಡಿದವರು ವಿದ್ಯಾರ್ಥಿಯಾ ಅಪ್ಪನಾ ಅಣ್ಣನಾ, ಮೊದಲು ಏನು ಕೇಳಿದರು, ಕೊನೆಗೆ ಏನು ಕೇಳಿದರು. ಈ ಕೊನೆಯದು ಯಾಕೆ ಬೇಕು ಅಂತ ನನಗೆ ಅರ್ಥ ಆಗಲಿಲ್ಲ. ಬರೆಯುತ್ತಾ ಹೋದೆ. ಒಂದು ವಾರ ಆದ ಮೇಲೆ ಕೂತು ಓದಿದಾಗ ಮೈ ಜುಮ್ಮೆಂದಿತು. ಎಲ್ಲರೂ ಶುರು ಮಾಡುವುದು ಫೀಸಿನಿಂದ. ಫೀಸು ಎಷ್ಟು, ಕೊನೇ ದಿನ ಯಾವಾಗ, ಏನೇನು ದಾಖಲೆ ಬೇಕು. ಫೋನ್ ಇಡುವ ಮುಂಚೆ ಒಂದು ಕ್ಷಣ ಸುಮ್ಮನಾಗಿ ಕೇಳುವುದೇ ಬೇರೆ. "ಹಾಸ್ಟೆಲ್ ಕ್ಯಾಂಪಸ್ ಒಳಗೇ ಐತೇನ್ರಿ?" "ಕ್ಲಾಸ್ ಎಷ್ಟಕ್ಕ ಬಿಡ್ತಾರ್ರಿ, ನಮ್ಮೂರಿಗೆ ಕೊನೇ ಬಸ್ ಆರಕ್ಕ ಹೋಗತೈತಿ." "ಬಿಸಿಎಂ ಹಾಸ್ಟೆಲ್ ಸಿಗಲಿಲ್ಲ ಅಂದ್ರ ಏನ್ ಮಾಡಬೇಕ್ರಿ?" ಇಂಗ್ಲಿಷ್ ಮೀಡಿಯಂ ಅಂದರೆ ಕನ್ನಡ ಮೀಡಿಯಂ ಹುಡುಗಿಗೆ ಕಷ್ಟ ಆಗುತ್ತಾ ಅಂತ ಕೇಳಿದ ಅಪ್ಪಂದಿರು ಎಷ್ಟೋ ಜನ.

ಈಗ ನಮ್ಮ ಪ್ರಾಸ್ಪೆಕ್ಟಸ್ ತೆಗೆದು ನೋಡಿದೆ. ಮೊದಲ ಪುಟದಲ್ಲಿ ಕಟ್ಟಡದ ಫೋಟೋ. ಆಮೇಲೆ ಕುಲಪತಿಗಳ ಸಂದೇಶ, ಕುಲಸಚಿವರ ಸಂದೇಶ, ಗುಣಮಟ್ಟಕ್ಕೆ ಸಿಕ್ಕ ನ್ಯಾಕ್ ಗ್ರೇಡ್, ಒಪ್ಪಂದಗಳ ಪಟ್ಟಿ. ಹಾಸ್ಟೆಲ್ ಬಗ್ಗೆ ಮೂರು ಸಾಲು, ಅದೂ ಕೊನೆಯ ಹಾಳೆಯಲ್ಲಿ. ಬಸ್ಸಿನ ಸುದ್ದಿಯೇ ಇಲ್ಲ. ಯಾರದೂ ಕೆಟ್ಟ ಉದ್ದೇಶ ಅಲ್ಲ, ಪ್ರತಿ ವರ್ಷ ಹಾಗೇ ಅಚ್ಚಾಗುತ್ತಾ ಬಂದಿತ್ತು ಅಷ್ಟೆ.

ನನ್ನ ಪ್ರಕಾರ ಆರು ತಿಂಗಳಲ್ಲಿ ನನಗೆ ಸಿಕ್ಕ ದೊಡ್ಡ ಸಂಪಾದನೆ ಇದು. ಮನುಷ್ಯ ಮೊದಲು ಕೇಳುವ ಪ್ರಶ್ನೆ ಒಂದು, ನಿಜವಾಗಿ ತಿಳಿಯಬೇಕಾದದ್ದು ಇನ್ನೊಂದು. ಆ ಎರಡನೆಯದನ್ನು ಹುಡುಕಿ, ಅದಕ್ಕೆ ಸತ್ಯವಾದ ಉತ್ತರವನ್ನು ಅವರು ಕೇಳುವ ಮುಂಚೆಯೇ ಎದುರಿಗೆ ಇಡುವುದೇ ಮಾರ್ಕೆಟಿಂಗ್. ಇದನ್ನು ಬಿಬಿಎ ಮೂರು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದರೂ ನನಗೆ ಹೊಕ್ಕಿರಲಿಲ್ಲ.

ಆ ನೋಟ್‌ಬುಕ್ ಇಟ್ಟುಕೊಂಡು ನಾವು ವೆಬ್‌ಸೈಟಿನಲ್ಲಿ ಒಂದೇ ಒಂದು ಪುಟ ಮಾಡಿದೆವು. ಹಾಸ್ಟೆಲ್ ಎಲ್ಲಿದೆ, ಗೇಟ್ ಎಷ್ಟಕ್ಕೆ ಹಾಕುತ್ತಾರೆ, ಊಟಕ್ಕೆ ಎಷ್ಟು, ಕ್ಲಾಸ್ ಎಷ್ಟಕ್ಕೆ ಬಿಡುತ್ತದೆ, ಆಮೇಲೆ ಯಾವ ಕಡೆಗೆ ಯಾವ ಬಸ್, ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಲು ಜಾತಿ ಆದಾಯ ಪ್ರಮಾಣಪತ್ರ ಯಾವಾಗ ಮಾಡಿಸಿಕೊಳ್ಳಬೇಕು. ಸೀದಾ ಸಾದಾ ಕನ್ನಡದಲ್ಲಿ. ಗೂಗಲ್ ಅನಲಿಟಿಕ್ಸ್‌ನಲ್ಲಿ, ಅಂದರೆ ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಟೂಲಿನಲ್ಲಿ, ನೋಡಿದರೆ ಆ ಪುಟದಲ್ಲಿ ಜನ ನಿಂತು ಓದುತ್ತಿದ್ದರು. ಮುಖಪುಟಕ್ಕೆ ಬಂದವರು ಬಂದ ಹಾಗೆ ಹೊರಟು ಹೋಗುತ್ತಿದ್ದರು. ಆ ವ್ಯತ್ಯಾಸವನ್ನು ಅಂಕಿಯಲ್ಲಿ ತೋರಿಸಿದ ಮೇಲೆ ಕಚೇರಿಯಲ್ಲಿ ನನ್ನ ಮಾತು ಕೇಳಲು ಶುರು ಮಾಡಿದರು. ಅಲ್ಲಿಯವರೆಗೆ ನಾನು "ಆ ಹೊಸ ಹುಡುಗಿ" ಅಷ್ಟೆ.

ಸಿಗದೇ ಇದ್ದದ್ದನ್ನೂ ಹೇಳುತ್ತೇನೆ. ಕೆಲಸ ಖಾಯಂ ಆಗಲಿಲ್ಲ, ಆಗುತ್ತದೆ ಅಂತ ಯಾರೂ ಹೇಳಿಯೂ ಇರಲಿಲ್ಲ. ದೊಡ್ಡ ಜಾಹೀರಾತು ಬಜೆಟ್ ನಿಭಾಯಿಸುವುದು ಕಲಿಯಲಿಲ್ಲ. ಒಂದು ಪೋಸ್ಟರಿಗೆ ಒಪ್ಪಿಗೆ ಬೇಕೆಂದರೆ ಫೈಲ್ ನಾಲ್ಕು ಟೇಬಲ್ ತಿರುಗಬೇಕು, ಖಾಸಗಿ ಕಂಪನಿಯ ವೇಗ ಅಲ್ಲಿ ಇರಲಿಲ್ಲ. ಈಗ ಬೆಳಗಾವಿಯಲ್ಲಿ ಒಂದು ಆಸ್ಪತ್ರೆಯ ಪ್ರಚಾರ ವಿಭಾಗದಲ್ಲಿದ್ದೇನೆ. ಸಂದರ್ಶನದಲ್ಲಿ ಅವರು ನನ್ನ ಸರ್ಟಿಫಿಕೇಟ್ ತಿರುಗಿಸಿ ನೋಡಲಿಲ್ಲ. ಆ ನೋಟ್‌ಬುಕ್ಕಿನ ಕಥೆಯನ್ನು ಮಾತ್ರ ಎರಡು ಸಲ ಕೇಳಿದರು.

ಇಂಡಿಯ ಲಿಂಬೆಕಾಯಿ

ಅಕ್ಕಾ, ನಿಮಗೆ ಒಳ್ಳೆಯವರು ಸಿಕ್ಕರು. ಎಲ್ಲರಿಗೂ ಹಾಗೆ ಆಗೋದಿಲ್ಲ. ನನ್ನ ತಮ್ಮ ಒಂದು ಸಂಸ್ಥೆಯಲ್ಲಿ ನಾಲ್ಕು ತಿಂಗಳು ಹೀಗೇ ಮಾರ್ಕೆಟಿಂಗ್ ಇಂಟರ್ನ್ ಅಂತ ಹೋದ. ಒಂದು ರೂಪಾಯಿ ಕೊಡಲಿಲ್ಲ. ಕೆಲಸ ಏನು ಅಂದರೆ ಬ್ಯಾನರ್ ಕಟ್ಟುವುದು, ಶಿಕ್ಷಣ ಮೇಳದಲ್ಲಿ ಸ್ಟಾಲ್ ಮುಂದೆ ನಿಂತು ಪಾಂಪ್ಲೆಟ್ ಹಂಚುವುದು, ಪಿಯು ಕಾಲೇಜಿಗೆ ಹೋಗಿ ಹುಡುಗರ ನಂಬರ್ ಬರೆದುಕೊಂಡು ಬರುವುದು. ಬಸ್ ಖರ್ಚೂ ಮನೆಯಿಂದ. ಕೊನೆಗೆ ಒಂದು ಸರ್ಟಿಫಿಕೇಟ್. ಅದರಲ್ಲಿ ಅವನ ಹೆಸರಿನ ಸ್ಪೆಲ್ಲಿಂಗ್ ಕೂಡ ತಪ್ಪು.

ಇದನ್ನು ಪುಗಸಟ್ಟೆ ದುಡಿಮೆ ಅನ್ನದೆ ಏನನ್ನಬೇಕು? ಅಪ್ರೆಂಟಿಸ್ ಅಂದರೆ 1961ರ ಕಾಯ್ದೆ ಇದೆ, ಸ್ಟೈಪೆಂಡ್ ಕೊಡಲೇಬೇಕು. ಇಂಟರ್ನ್ ಅಂದಕೂಡಲೇ ಕೇಳುವವರು ಯಾರೂ ಇಲ್ಲ. ಕೇಂದ್ರದ ಪಿಎಂ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ 12 ತಿಂಗಳು, ತಿಂಗಳಿಗೆ 5,000 ಅಂತ ಬಂತು. ಅದು ದೊಡ್ಡ ಕಂಪನಿಗಳಿಗೆ ಅಷ್ಟೆ, ವಿಶ್ವವಿದ್ಯಾಲಯದ ಕಚೇರಿಗೆ ಅದು ಅನ್ವಯಿಸೋದಿಲ್ಲ. ರೈತರ ಮನೆಯ ಹುಡುಗ ಆರು ತಿಂಗಳು ಕೈಯಿಂದ ಖರ್ಚು ಮಾಡಿಕೊಂಡು ಕಲಿಯಬೇಕು ಅಂದರೆ ಅದು ಉಳ್ಳವರ ಮಕ್ಕಳಿಗೆ ಮಾತ್ರ ಆಗುವ ಮಾತು.

ಮಹಾಲಿಂಗಪುರದವಳು

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ ಅಣ್ಣಾ. ನನಗೂ 8,000 ಇರದಿದ್ದರೆ ಅಪ್ಪ ಎರಡನೇ ತಿಂಗಳಿಗೇ ವಾಪಸ್ ಕರೆಸುತ್ತಿದ್ದರು. ಸ್ಟೈಪೆಂಡ್ ಇಲ್ಲ ಅಂದರೆ ಹೋಗಬೇಡಿ ಅಂತಲೇ ನಾನೂ ಹೇಳುತ್ತೇನೆ. ಓದುವಾಗ ಕ್ರೆಡಿಟ್‌ಗೋಸ್ಕರ ಮಾಡುವುದು ಬೇರೆ. ಅಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆ ಅಂತ ಲೆಕ್ಕ ಇದೆ, ಅಷ್ಟು ಮುಗಿಸಿ ಬಂದರಾಯಿತು. ಡಿಗ್ರಿ ಮುಗಿದವರನ್ನು ದಿನಪೂರ್ತಿ ಕೂರಿಸಿಕೊಂಡರೆ ಕೊಡಲೇಬೇಕು.

ಇನ್ನೊಂದು ಮಾತು. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯ 3,000 ಬರುತ್ತಿರುವವರು ಸೇರುವ ಮುಂಚೆ ಅದರ ನಿಯಮ ಓದಿ. ಕೆಲಸ ಇಲ್ಲ ಅಂತ ನಾವೇ ಘೋಷಣೆ ಕೊಟ್ಟು ತೆಗೆದುಕೊಳ್ಳುವ ಹಣ ಅದು, ಆಮೇಲೆ ತೊಂದರೆ ಬೇಡ.

ನಂಬರ್ ಬರೆದುಕೊಂಡು ಬರುವ ವಿಷಯ ನೀವು ಹೇಳಿದ್ದು ನನಗೆ ಚುಚ್ಚಿತು. ನಮ್ಮಲ್ಲೂ ಒಂದು ಕೋಚಿಂಗ್‌ನವರು ಬಂದು ನಿಮ್ಮ ಹತ್ತಿರ ಇರುವ ಪಿಯು ಹುಡುಗರ ನಂಬರ್ ಪಟ್ಟಿ ಕೊಡಿ, ನಮ್ಮದೂ ಕೊಡುತ್ತೇವೆ ಅಂದಿದ್ದರು. ಮೇಡಂ ಆಗೋದಿಲ್ಲ ಅಂತ ಖಡಕ್ಕಾಗಿ ಕಳಿಸಿದರು. ವೈಯಕ್ತಿಕ ದತ್ತಾಂಶಕ್ಕೆ 2023ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಬಿಡಿ, ಹದಿನೇಳು ವರ್ಷದ ಹುಡುಗಿಯ ನಂಬರ್ ಊರೆಲ್ಲ ತಿರುಗಿದರೆ ಆಮೇಲೆ ಅವಳಿಗೆ ಯಾವ್ಯಾವ ಫೋನ್ ಬರುತ್ತದೆ ಅಂತ ನಾವು ಯೋಚಿಸಬೇಕು ಅಲ್ವಾ. ನಿಮ್ಮ ತಮ್ಮನ ಕೈಯಲ್ಲಿ ಅದನ್ನು ಮಾಡಿಸಿದವರದು ತಪ್ಪು. ಅವನದಲ್ಲ.

ನಿವೃತ್ತ ಗುಮಾಸ್ತ, ವಿಜಯಪುರ

ತಂಗಿ, ಚೆನ್ನಾಗಿ ಬರೆದಿದ್ದೀಯಮ್ಮ. ನಾನು ಮೂವತ್ತು ವರ್ಷ ಕಾಲೇಜು ಕಚೇರಿಯಲ್ಲಿ ಇದ್ದವನು. ಒಂದು ಹಳೇ ಸಂಗತಿ ಹೇಳುತ್ತೇನೆ, ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ.

ನಮ್ಮ ಕಾಲದಲ್ಲಿ ವಿಶ್ವವಿದ್ಯಾಲಯಕ್ಕೆ ಪ್ರಚಾರವೇ ಬೇಕಿರಲಿಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಅಂದರೆ ಎಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಬೇರೆ ದಾರಿಯೇ ಇಲ್ಲ. ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟರೆ ಅರ್ಜಿ ಕೌಂಟರ್ ಮುಂದೆ ಸಾಲು. ಆಮೇಲೆ ಬೆಳಗಾವಿಯಲ್ಲಿ 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ಬಂತು. 2003ರಲ್ಲಿ ನಮ್ಮ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ, ಈಗ ಅದಕ್ಕೆ ಅಕ್ಕಮಹಾದೇವಿ ಹೆಸರು. 2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯ. 2010ರಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಈಚೆಗೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ. ಇದರ ಮೇಲೆ ಕೆಎಲ್‌ಇ, ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯಗಳು. ಹುಡುಗರಿಗೆ ಆಯ್ಕೆ ಜಾಸ್ತಿ ಆಯಿತು. ಕಚೇರಿಗಳು ಮಾತ್ರ ಹಳೇ ಕಾಲದಲ್ಲೇ ಉಳಿದವು, ಪ್ರಕಟಣೆ ಕೊಟ್ಟೆವು ಬನ್ನಿ ಅಂತ.

ಈಗಂತೂ ಪಿಯು ಪರೀಕ್ಷೆಯೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ. ಮೊದಲ ಸಲ ಪಾಸಾದವರು ಒಂದು ಅಲೆ, ಆಮೇಲೆ ಪಾಸಾದವರು ಇನ್ನೊಂದು. ಒಂದೇ ಸಲ ಡಂಗುರ ಸಾರಿ ಕೂತರೆ ಆಮೇಲಿನ ಗುಂಪಿನ ಮಕ್ಕಳಿಗೆ ಸುದ್ದಿಯೇ ಮುಟ್ಟೋದಿಲ್ಲ. ಪಾಪ, ಅವರಿಗೇ ಮಾಹಿತಿ ಜಾಸ್ತಿ ಬೇಕಾಗಿರುತ್ತದೆ, ಒಂದು ಸಲ ಫೇಲಾಗಿ ಮನಸ್ಸು ಮುದುಡಿರುತ್ತದೆ. ನಮ್ಮ ಕೌಂಟರಿಗೆ ಬಂದು ಮಾತೇ ಆಡದೆ ವಾಪಸ್ ಹೋದ ಹುಡುಗರನ್ನು ನಾನು ನೋಡಿದ್ದೇನೆ. ಅಂಥವರನ್ನು ಕರೆದು ಮಾತಾಡಿಸಲು ನಿನ್ನಂಥ ಒಬ್ಬಳು ಕೂತಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ.

ಜವಳಿ ಬಝಾರ್

ಬರೀ ಫೋನ್ ಎತ್ತೋದು ಕಲಿತರೆ ಸಾಕಾ? ಟೆಕ್ನಿಕಲ್ ಆಗಿ ಏನು ಕಲಿತಿರಿ ಅಂತಲೂ ಹೇಳಿ. ಸಂದರ್ಶನದಲ್ಲಿ ಟೂಲ್ಸ್ ಬಗ್ಗೆಯೇ ಕೇಳುತ್ತಾರೆ.

ಮಹಾಲಿಂಗಪುರದವಳು

ಸರಿಯಾದ ಪ್ರಶ್ನೆ. ಮೂರು ಸಂಗತಿ ಹೇಳುತ್ತೇನೆ. ಮೂರೂ ನಾನು ಅಲ್ಲಿಗೆ ಹೋಗದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಮೊದಲನೆಯದು ಎಸ್‌ಎಂಎಸ್. ಸುಮ್ನೆ ಬರೆದು ಕಳಿಸಿಬಿಡಬಹುದು ಅಂದುಕೊಂಡಿದ್ದೆ. ಆಗೋದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ಸಂಸ್ಥೆಯ ಹೆಸರು, ಕಳಿಸುವ ಹೆಡರ್, ಸಂದೇಶದ ಟೆಂಪ್ಲೇಟ್ ಎಲ್ಲ ಮೊದಲೇ ನೋಂದಾಯಿಸಬೇಕು. ಟೆಂಪ್ಲೇಟಿನಲ್ಲಿ ಇರುವುದು ಒಂದು, ಕಳಿಸಿದ್ದು ಇನ್ನೊಂದು ಆದರೆ ಸಂದೇಶ ಹೋಗೋದೇ ಇಲ್ಲ. ಅದರ ಮೇಲೆ ಕನ್ನಡದ ಲೆಕ್ಕ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ, ಕನ್ನಡದ್ದಕ್ಕೆ 70. ಆ 70ರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. "ಸ್ನಾತಕೋತ್ತರ" ಅನ್ನುವ ಪದ ಕಣ್ಣಿಗೆ ಐದು ಅಕ್ಷರ, ಯಂತ್ರಕ್ಕೆ ಹನ್ನೊಂದು. 70 ದಾಟಿದರೆ ಎರಡು ಸಂದೇಶದ ದುಡ್ಡು. ಸಾವಿರಾರು ಜನಕ್ಕೆ ಕಳಿಸುವಾಗ ಅದು ಸಣ್ಣ ಮಾತಲ್ಲ. "ಸ್ನಾತಕೋತ್ತರ ಕೋರ್ಸುಗಳಿಗೆ ಪ್ರವೇಶಾತಿ ಪ್ರಕ್ರಿಯೆ ಆರಂಭಗೊಂಡಿದ್ದು" ಅಂತ ಇದ್ದದ್ದನ್ನು "ಪಿಜಿ ಅರ್ಜಿ ಶುರು" ಅಂತ ಮಾಡಿದೆ. ದುಡ್ಡೂ ಉಳಿಯಿತು, ಜನಕ್ಕೆ ಅರ್ಥವೂ ಆಯಿತು. ಚಿಕ್ಕದಾಗಿ ಬರೆಯುವ ಚಟ ನನಗೆ ಹತ್ತಿದ್ದು ಅಲ್ಲಿಂದ.

ಎರಡನೆಯದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಮತ್ತು ಎಲ್ಲ ಕಡೆ ಓದಲು ಬರುವ ಯೂನಿಕೋಡ್. ಕಚೇರಿಯ ಸುತ್ತೋಲೆಗಳೆಲ್ಲ ಹಳೇ ನುಡಿ ಫಾಂಟಿನಲ್ಲಿ. ಅದನ್ನು ಕಾಪಿ ಮಾಡಿ ವೆಬ್‌ಸೈಟಿಗೋ ವಾಟ್ಸಾಪಿಗೋ ಹಾಕಿದರೆ ಬರೀ ಚಿಹ್ನೆಗಳು ಕಾಣುತ್ತವೆ. ಅದಕ್ಕೇ ಎಲ್ಲರೂ ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಪಿಡಿಎಫ್ ಹಾಕಿಬಿಡುತ್ತಿದ್ದರು. ಸ್ಕ್ಯಾನ್ ಅಂದರೆ ಚಿತ್ರ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಸಿಗೋದಿಲ್ಲ, ಮೊಬೈಲಿನಲ್ಲಿ ಓದಲು ಆಗೋದಿಲ್ಲ, ಕಣ್ಣು ಕಾಣದವರು ಓದಿಸಿಕೊಂಡು ಕೇಳಲೂ ಆಗೋದಿಲ್ಲ. ನುಡಿಯಿಂದ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು ಎಲ್ಲಿ ಕೆಟ್ಟಿದೆ ಅಂತ ಒಂದೊಂದೇ ಸಾಲು ತಿದ್ದಿ ಹಾಕಲು ನಾನು ಕೂತೆ. ಬೇಸರದ ಕೆಲಸ, ನಿಜ. ಆದರೆ ಹೀಗೆ ಹಾಕಿದ ಮೇಲೆ ಕನ್ನಡದಲ್ಲಿ ಹುಡುಕಿಕೊಂಡು ಬರುವವರು ಅನಲಿಟಿಕ್ಸ್‌ನಲ್ಲಿ ಕಾಣಲು ಶುರುವಾದರು. ಅಲ್ಲಿಯವರೆಗೆ ಕನ್ನಡದಲ್ಲಿ ಯಾರೂ ಹುಡುಕೋದಿಲ್ಲ ಅಂತ ಎಲ್ಲರೂ ನಂಬಿದ್ದರು. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ನಾವು ಇಟ್ಟಿಲ್ಲದ್ದನ್ನು ಜನ ಹುಡುಕೋದಿಲ್ಲ ಅಂದರೆ ಹೇಗೆ?

ಮೂರನೆಯದು ಕ್ಯೂಆರ್ ಕೋಡ್. ಒಂದೇ ಪೋಸ್ಟರ್, ಆದರೆ ಅಂಟಿಸುವ ಜಾಗಕ್ಕೊಂದು ಬೇರೆ ಲಿಂಕ್ ಕೊಟ್ಟೆವು. ಬಸ್ ಸ್ಟ್ಯಾಂಡಿಗೆ ಒಂದು, ಪಿಯು ಕಾಲೇಜಿಗೆ ಒಂದು, ಸೈಬರ್ ಸೆಂಟರಿಗೆ ಒಂದು. ಯಾವುದರಿಂದ ಎಷ್ಟು ಜನ ಬಂದರು ಅಂತ ಬೇರೆ ಬೇರೆ ಎಣಿಸಬಹುದು. ಬಸ್ ಸ್ಟ್ಯಾಂಡಿನ ದೊಡ್ಡ ಫ್ಲೆಕ್ಸಿಗೆ ಖರ್ಚು ಜಾಸ್ತಿ, ಬಂದವರು ಬೆರಳೆಣಿಕೆ. ಸೈಬರ್ ಸೆಂಟರಿನ ಗೋಡೆಗೆ ಅಂಟಿಸಿದ ಒಂದು ಎ4 ಹಾಳೆ ಎಲ್ಲಕ್ಕಿಂತ ಜಾಸ್ತಿ ಜನರನ್ನು ತಂದಿತು. ಯಾಕೆ ಅಂತ ಹೋಗಿ ನೋಡಿದೆ. ತೇರದಾಳದಲ್ಲಿ ಒಂದು ಸೈಬರಿನಲ್ಲಿ ಅರ್ಧ ದಿನ ಕೂತಿದ್ದೆ. ಪ್ರವೇಶಾತಿಯ ಸರ್ಕಾರಿ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಅರ್ಜಿ ತುಂಬುವುದು ಹುಡುಗರಲ್ಲ, ಸೈಬರಿನ ಅಣ್ಣ. ಯಾವ ಕೋರ್ಸು, ಯಾವ ಕಾಂಬಿನೇಷನ್ ಅಂತ ಆ ಅಣ್ಣನನ್ನೇ ಕೇಳುತ್ತಾರೆ. ಅವನಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವ ಬೇರೆ ಯಾವುದೋ ಒಂದನ್ನು ಒತ್ತಿಬಿಡುತ್ತಾನೆ. ಹುಡುಗನ ಮೂರು ವರ್ಷ ಅಲ್ಲೇ ತೀರ್ಮಾನ ಆಗಿಹೋಗುತ್ತದೆ. ಆಮೇಲೆ ನಾವು ಸೈಬರಿನವರಿಗೇ ಅಂತ ಒಂದು ಹಾಳೆ ಮಾಡಿದೆವು. ಯಾವ ದಾಖಲೆ ಸ್ಕ್ಯಾನ್ ಮಾಡಬೇಕು, ಎಲ್ಲಿ ಜಾಸ್ತಿ ತಪ್ಪಾಗುತ್ತದೆ, ಅನುಮಾನ ಬಂದರೆ ಯಾವ ನಂಬರ್. ಇಡೀ ಆರು ತಿಂಗಳಲ್ಲಿ ನನಗೆ ತುಂಬಾ ಹೆಮ್ಮೆ ಇರುವ ಕೆಲಸ ಆ ಹಾಳೆಯೇ.

ತಪ್ಪೂ ಮಾಡಿದೆ. ಒಂದು ಪೋಸ್ಟರಿನಲ್ಲಿ ದಂಡವಿಲ್ಲದ ಕೊನೇ ದಿನಾಂಕ ತಪ್ಪು ಹಾಕಿದ್ದೆ. ಅದನ್ನೇ ನಂಬಿ ಎರಡು ದಿನ ತಡವಾಗಿ ಬಂದ ಒಬ್ಬ ಹುಡುಗನ ಅಪ್ಪ ಕೌಂಟರ್ ಮುಂದೆ ನಿಂತಿದ್ದರು. ಮೇಡಂ ಫೈಲ್ ಹಾಕಿ ದಂಡ ಮಾಫಿ ಮಾಡಿಸಿದರು, ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಈಗಲೂ ಒಂದು ದಿನಾಂಕ ಬರೆದರೆ ಎದುರಿಗೆ ಇನ್ನೊಬ್ಬರನ್ನು ಕೂರಿಸಿಕೊಂಡು ಜೋರಾಗಿ ಓದಿಸುತ್ತೇನೆ.

ಚಿಕ್ಕೋಡಿ ಅಕ್ಕ

ನಮ್ಮ ಕಡೆಯ ಮಾತು ಒಂದು ಸೇರಿಸುತ್ತೇನೆ. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಕಡೆಯ ಮಕ್ಕಳಿಗೆ ಕೊಲ್ಹಾಪುರ, ಸಾಂಗಲಿ, ಮೀರಜ್ ಹತ್ತಿರ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ 1962ರಿಂದ ಇದೆ, ಅಪ್ಪ ಅಜ್ಜ ಓದಿದ್ದೂ ಅಲ್ಲೇ. ಮನೆಯಲ್ಲಿ ಅವ್ವ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಎರಡೂ. ಇಂಥ ಮನೆಗೆ ಬರೀ ಇಂಗ್ಲಿಷ್ ಪಾಂಪ್ಲೆಟ್ ಕೊಟ್ಟು ಹೋದರೆ ಅದು ರೊಟ್ಟಿ ಸುತ್ತಲು ಹೋಗುತ್ತದೆ.

ನಾನೂ ಇಂಥದ್ದೇ ಇಂಟರ್ನ್‌ಶಿಪ್ ಮಾಡಿದೆ, ಮೂರು ತಿಂಗಳು. ನನಗೆ ಸಿಕ್ಕಿದ್ದು ಏನು ಅಂದರೆ, ನಾನು ಎರಡು ಭಾಷೆಯವಳು ಅನ್ನುವುದು ಒಂದು ಕಸುಬು ಅಂತ ಗೊತ್ತಾಯಿತು. ಅಲ್ಲಿಯವರೆಗೆ ನನ್ನ ಕನ್ನಡ ಸರಿಯಿಲ್ಲ, ಮರಾಠಿ ಸರಿಯಿಲ್ಲ, ಇಂಗ್ಲಿಷ್ ಅಂತೂ ಇಲ್ಲವೇ ಇಲ್ಲ ಅಂತ ಸಂಕೋಚದಿಂದಲೇ ಇದ್ದೆ. ಒಬ್ಬ ಅಜ್ಜಿಗೆ ಮೊಮ್ಮಗಳ ಹಾಸ್ಟೆಲ್ ಬಗ್ಗೆ ಮರಾಠಿಯಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಫೋನ್ ಇಟ್ಟ ಮೇಲೆ ನಮ್ಮ ಸರ್ ಕೇಳಿದರು, ಇದನ್ನೇ ವಾಟ್ಸಾಪ್ ಆಡಿಯೋ ಮಾಡಿಕೊಡುತ್ತೀಯಾ ಅಂತ. ಮಾಡಿದೆ. ಊರೂರಿನ ಗುಂಪಿಗೆ ಹೋಯಿತು. ಮನೆಯವರು ಮೊದಲ ಸಲ ನನ್ನ ಕೆಲಸ ಏನು ಅಂತ ತಿಳಿದುಕೊಂಡಿದ್ದು ಆ ಆಡಿಯೋ ಕೇಳಿ.

ಇನ್ನೂ ಒಂದು ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಮನೆಯ ಲೆಕ್ಕ ಬದಲಾಗಿದೆ. ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಚಾರ್ಜ್ ಇಲ್ಲ. ದೂರದ ಕಾಲೇಜಾದರೂ ನಮ್ಮ ಕಡೆಯದೇ ಇರಲಿ ಅನ್ನುವ ತಾಯಂದಿರು ಈಗ ಸಿಗುತ್ತಾರೆ. ಇದು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ನಾನು ನೋಡಿಲ್ಲ.

ಬನಹಟ್ಟಿ ಮಗ್ಗ

ನಾನು ಸೀರೆ ವ್ಯಾಪಾರಿ, ಕೆಲಸ ಕೊಡುವ ಕಡೆಯವನು. ನನಗೆ ವಿಶ್ವವಿದ್ಯಾಲಯವೂ ಒಂದೇ, ಕಂಪನಿಯೂ ಒಂದೇ. ಹೋದ ವರ್ಷ ವಾಟ್ಸಾಪ್ ಮತ್ತು ಇನ್‌ಸ್ಟಾ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಬಂದ ಹುಡುಗರೆಲ್ಲ ರೀಲ್ಸ್ ಮಾಡುತ್ತೇನೆ, ಫಾಲೋವರ್ಸ್ ತರುತ್ತೇನೆ ಅಂದರು. ಒಬ್ಬಳು ಮಾತ್ರ ಒಂದು ಕಡೆ ಅಡ್ಮಿಷನ್ ವಿಭಾಗದಲ್ಲಿ ಇಂಟರ್ನ್ ಆಗಿದ್ದವಳು, ಹಳೇ ವಾಟ್ಸಾಪ್ ಚಾಟ್ ತೋರಿಸಿ ಅಂದಳು. ಎರಡು ತಾಸು ಓದಿದಳು. ಆಮೇಲೆ ಹೇಳಿದಳು, ಅಣ್ಣಾ, ನೀವು ಎಲ್ಲ ಕಡೆ ನೂರಾರು ವರ್ಷದ ನೇಯ್ಗೆ, ಪರಂಪರೆ ಅಂತ ಬರೆದಿದ್ದೀರಿ. ಗಿರಾಕಿಗಳು ಕೊನೆಗೆ ಕೇಳೋದು ಒಂದೇ, ಬಣ್ಣ ಬಿಡುತ್ತಾ ಅಂತ.

ಹೌದಲ್ಲ! ನಾನೇ ದಿನಾ ಉತ್ತರ ಕೊಡುತ್ತಿದ್ದೆ, ನನಗೇ ಕಂಡಿರಲಿಲ್ಲ. ಅವಳು ಸೀರೆಯ ತುದಿಯನ್ನು ಬಿಳಿ ಬಟ್ಟೆಯ ಜೊತೆ ನೀರಿನಲ್ಲಿ ಅದ್ದಿ ಒಂದು ವಿಡಿಯೋ ಮಾಡಿದಳು. ಬಣ್ಣ ಬಿಡುವ ಒಂದು ಕೆಂಪು ಸೀರೆಯನ್ನೂ ತೋರಿಸಿ, ಇದನ್ನು ಮೊದಲ ಎರಡು ಸಲ ಬೇರೆಯಾಗಿ ಒಗೆಯಿರಿ ಅಂತ ನೇರವಾಗಿ ಹೇಳಿದಳು. ನನಗೆ ಅಂಜಿಕೆ ಆಯಿತು, ಗಿರಾಕಿ ಹೋಗುತ್ತಾರೆ ಅಂತ. ಹೋಗಲಿಲ್ಲ. ವಾಪಸ್ ಬರುವ ಸೀರೆ ಕಡಿಮೆ ಆಯಿತು. ಅವಳು ಎಲ್ಲಿ ಕಲಿತಳು ಅಂತ ಆಗ ಕೇಳಿರಲಿಲ್ಲ, ನಿಮ್ಮ ನೋಟ್‌ಬುಕ್ ಕಥೆ ಓದಿದ ಮೇಲೆ ಗೊತ್ತಾಯಿತು.

ಇಂಡಿಯ ಲಿಂಬೆಕಾಯಿ

ಸತ್ಯ ಹೇಳುವ ಮಾತು ಬಂತಲ್ಲ, ಅದಕ್ಕೇ ಕೇಳುತ್ತೇನೆ. ಕಾಲೇಜುಗಳ ಜಾಹೀರಾತಿನಲ್ಲಿ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತ ಹಾಕಲು ಹೇಳಿದರೆ ಇಂಟರ್ನ್ ಏನು ಮಾಡಬೇಕು? ಬೇಡ ಅನ್ನುವ ಅಧಿಕಾರ ಅವನಿಗೆ ಎಲ್ಲಿದೆ?

ಮಹಾಲಿಂಗಪುರದವಳು

ಅಧಿಕಾರ ಇಲ್ಲ, ಆದರೆ ಕೇಳುವ ಹಕ್ಕು ಇದೆ. ನಮ್ಮಲ್ಲಿ ಅಷ್ಟು ಕೆಟ್ಟದ್ದು ಆಗಲಿಲ್ಲ. ಒಂದು ವಿಭಾಗದವರು ಮಾತ್ರ "ಖಚಿತ ಉದ್ಯೋಗ" ಅಂತ ಬರೆದು ಕಳಿಸಿದ್ದರು. ನಾನು ಹೋಗಿ, ಸರ್, ಹೋದ ವರ್ಷ ಕೆಲಸ ಸಿಕ್ಕವರ ಪಟ್ಟಿ ಕೊಡಿ, ಅವರಿಗೆ ಫೋನ್ ಮಾಡಿ ಕೇಳಿ ಹಾಕುತ್ತೇನೆ ಅಂದೆ. ಜಾಹೀರಾತು ಸಂಸ್ಥೆಗಳೇ ಸೇರಿ ಮಾಡಿಕೊಂಡ ಎಎಸ್‌ಸಿಐ ಅಂತ ಒಂದು ಮಂಡಳಿ ಇದೆ. ಶಿಕ್ಷಣ ಸಂಸ್ಥೆಗಳು ಕೆಲಸ ಗ್ಯಾರಂಟಿ ಅನ್ನಬೇಕಾದರೆ ಪುರಾವೆ ಇರಬೇಕು ಅನ್ನುವುದು ಅದರ ನಿಯಮ, ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಪಟ್ಟಿ ಪೂರ್ತಿ ಬರಲಿಲ್ಲ. ಆ ಪದ ಬಿಟ್ಟೆವು. ಬದಲಿಗೆ ಅಲ್ಲಿ ಓದಿ ಈಗ ಬಾಗಲಕೋಟೆಯ ಒಂದು ಸಹಕಾರಿ ಬ್ಯಾಂಕಿನಲ್ಲಿರುವ ಹುಡುಗಿಯ ಮಾತು ಹಾಕಿದೆವು. ಮೊದಲ ವರ್ಷ ಇಂಗ್ಲಿಷ್ ಎಷ್ಟು ಕಷ್ಟ ಆಯಿತು, ಹೇಗೆ ದಾಟಿದೆ ಅಂತ ಅವಳೇ ಹೇಳಿದ್ದು. ಅದನ್ನು ನೋಡಿ ಫೋನ್ ಮಾಡಿದವರು ಅವಳ ಬಗ್ಗೆಯೇ ಕೇಳುತ್ತಿದ್ದರು.

ಮುಧೋಳ ಬಿಕಾಂ

ಅಕ್ಕಾ, ನಾನು ಈ ವರ್ಷ ಬಿಕಾಂ ಮುಗಿಸಿದೆ. ಎಲ್ಲ ಓದಿದೆ. ಇಂಥದ್ದು ಸಿಗಬೇಕೆಂದರೆ ಹೇಗೆ ಕೇಳಬೇಕು? ಪರಿಚಯ ಯಾರೂ ಇಲ್ಲ.

ಮಹಾಲಿಂಗಪುರದವಳು

ನನಗೂ ಯಾರೂ ಇರಲಿಲ್ಲ ತಂಗಿ. ಸೀದಾ ಹೋಗಿ ಕೇಳಿದೆ. ಪ್ರಕಟಣೆ ಬರಲಿ ಅಂತ ಕಾಯಬೇಡಿ, ಎಷ್ಟೋ ಕಡೆ ಬರೋದೇ ಇಲ್ಲ. ಪ್ರವೇಶಾತಿ ಗಲಾಟೆ ಶುರುವಾಗುವ ಮುಂಚೆ, ಮಾರ್ಚ್ ಸುಮಾರಿಗೆ ಹೋದರೆ ಒಳ್ಳೇದು. ಸುಮ್ನೆ ಬಯೋಡೇಟಾ ಕೊಟ್ಟು ಬರಬೇಡಿ. ಅವರ ವೆಬ್‌ಸೈಟನ್ನು ಮೊಬೈಲಿನಲ್ಲಿ ತೆಗೆದು, ನಿಮ್ಮ ಪಕ್ಕದ ಮನೆಯ ಹುಡುಗಿಗೆ ಕೊಟ್ಟು ಫೀಸು ಎಷ್ಟು ಅಂತ ಹುಡುಕಲು ಹೇಳಿ. ಎಲ್ಲಿ ಸಿಕ್ಕಿಹಾಕಿಕೊಂಡಳು ಅಂತ ಬರೆದುಕೊಳ್ಳಿ. ಆ ಒಂದು ಹಾಳೆಯನ್ನು ಗೌರವದಿಂದ, ತಪ್ಪು ಹುಡುಕುವ ಹಾಗೆ ಅಲ್ಲದೆ, ನಾನು ಇದನ್ನು ಸರಿ ಮಾಡಿಕೊಡಬಲ್ಲೆ ಅಂತ ಕೊಡಿ.

ಸೇರುವ ಮುಂಚೆ ಮೂರು ಮಾತು ಬರವಣಿಗೆಯಲ್ಲಿ ಕೇಳಿ: ಎಷ್ಟು ತಿಂಗಳು, ಎಷ್ಟು ಸ್ಟೈಪೆಂಡ್, ಯಾರ ಕೈಕೆಳಗೆ. ಮೂರನೆಯದೇ ದೊಡ್ಡದು. ಕಲಿಸುವವರು ಒಬ್ಬರು ಇಲ್ಲದಿದ್ದರೆ ಇಂಡಿ ಅಣ್ಣನ ತಮ್ಮನ ಪಾಡೇ ನಿಮ್ಮದೂ ಆಗುತ್ತದೆ. ಕೆಲಸ ಮಾಡುವಾಗ ನೀವು ಮಾಡಿದ್ದನ್ನೆಲ್ಲ ಒಂದು ಕಡೆ ಇಟ್ಟುಕೊಳ್ಳಿ. ಮೊದಲು ಹೇಗಿತ್ತು, ನೀವು ಏನು ಬದಲಿಸಿದಿರಿ, ಆಮೇಲೆ ಏನಾಯಿತು. ವಿದ್ಯಾರ್ಥಿಗಳ ಹೆಸರು, ನಂಬರ್ ಮಾತ್ರ ನಿಮ್ಮ ಜೊತೆ ಹೊರಗೆ ಬರಬಾರದು.

ಮುಧೋಳ ಬಿಕಾಂ

ಅಕ್ಕಾ, ಇವತ್ತು ಹೋಗಿ ಬಂದೆ! ಪಕ್ಕದ ಮನೆಯ ಹುಡುಗಿ ಅಲ್ಲ, ನಮ್ಮ ಅವ್ವನಿಗೇ ಮೊಬೈಲ್ ಕೊಟ್ಟು ನೋಡಿದೆ. ಫೀಸು ಸಿಗಲು ಒಂಬತ್ತು ಸಲ ಒತ್ತಬೇಕಾಯಿತು, ಕೊನೆಗೆ ಸಿಕ್ಕಿದ್ದು ಹಿಂದಿನ ವರ್ಷದ್ದು. ಅದನ್ನೇ ಬರೆದು ಕೊಟ್ಟೆ. ಅಲ್ಲಿದ್ದ ಸರ್ ನಿಂತುಕೊಂಡೇ ಪೂರ್ತಿ ಓದಿದರು. ಸೋಮವಾರ ಮತ್ತೆ ಬಾ, ಬರೆದದ್ದು ಒಂದು ಮಾದರಿ ತಗೊಂಡು ಬಾ ಅಂದರು. ಮೂರು ತಿಂಗಳು, 6,000 ಅಂತೆ. ಮಾದರಿ ಕನ್ನಡದಲ್ಲಿ ಕೊಡಲಾ, ಇಂಗ್ಲಿಷಿನಲ್ಲಾ?

ಮಹಾಲಿಂಗಪುರದವಳು

ಕನ್ನಡದ್ದೇ ಕೊಡಿ. ನುಡಿಯಲ್ಲಿ ಅಲ್ಲ, ಯೂನಿಕೋಡಿನಲ್ಲಿ ಟೈಪ್ ಮಾಡಿ. ಜೊತೆಗೆ ಅದೇ ವಿಷಯ ನಾಲ್ಕು ಸಾಲು ಇಂಗ್ಲಿಷಿನಲ್ಲೂ ಇರಲಿ. ಅವ್ವನ ಕಥೆಯನ್ನೇ ಮಾದರಿಯಾಗಿ ಬರೆಯಿರಿ. ತುಂಬಾ ಖುಷಿ ಆಯಿತು ತಂಗಿ.

ಮುಧೋಳ ಬಿಕಾಂ

ಸರಿ ಅಕ್ಕಾ, ಹಾಗೇ ಮಾಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ಇಂಥ ಕಚೇರಿಯಲ್ಲಿ ಸಂಜೆ ಎಷ್ಟಕ್ಕೆ ಬಿಡುತ್ತಾರೆ? ನಾನು ದಿನಾ ಮುಧೋಳಕ್ಕೆ ವಾಪಸ್ ಬರಬೇಕು.

ಮಹಾಲಿಂಗಪುರದವಳು

ನಾನಿದ್ದ ಕಡೆ ಐದೂವರೆಗೆ ಬಿಡುತ್ತಿದ್ದರು. ಪ್ರವೇಶಾತಿ ಜೋರಿದ್ದಾಗ ಆರೂವರೆ ಆಗಿದ್ದೂ ಇದೆ. ಸೋಮವಾರ ಹೋದಾಗ ಇದನ್ನು ಮೊದಲೇ ಹೇಳಿಬಿಡಿ, ಊರ ಬಸ್ಸಿನ ಟೈಮ್ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.